ಚಹಾಪುಡಿಯ ಮುಯ್ಯಿ

ಮಹಾದೇವಿಯ ಮೇಲೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಅಂತ ಹೇಳಿದರೆ ನನ್ನ ಬಾಯಿಗೆ ಹುಳ ಬೀಳಲಿ. ಇತ್ತು. ಈಗಲೂ ಒಂದು ಚೂರು ಇದೆ. ಅವಳು ನನ್ನ ನೆಗೆಣ್ಣಿ, ನನ್ನ ಗಂಡ ಯಲ್ಲಾಲಿಂಗನ ಅಣ್ಣ ಚಂದ್ರಾಮನ ಹೆಂಡತಿ. ಭಾಂಡುಪ್‌ನ ಗುಡ್ಡದ ಮಗ್ಗುಲಿನ ಚಾಳಿನಲ್ಲಿ ನಮ್ಮ ಖೋಲಿಗೂ ಅವರ ಖೋಲಿಗೂ ನಡುವೆ ಒಂದೇ ಗೋಡೆ. ಅವಳು ಒಗ್ಗರಣೆ ಹಾಕಿದರೆ ನನಗೆ ಸೀನು ಬರುತ್ತದೆ. ಅವಳು ಗಂಡನಿಗೆ ಬೈದದ್ದು, ಗಂಡ ಸುಮ್ಮನಿದ್ದದ್ದು, ಹೊಸ ಸೀರೆಯ ಪೊಟ್ಟಣ ಬಿಚ್ಚಿದ ಸದ್ದು, ಎಲ್ಲ ನನಗೆ ಇಲ್ಲಿ ಕೂತಲ್ಲೇ ಕೇಳುತ್ತದೆ.

ನಾನು ಹುಟ್ಟಿದ್ದೇ ಈ ಚಾಳಿನಲ್ಲಿ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ತನಕ ಓದಿದವಳು. ಹಿಂದಿ, ಮರಾಠಿ ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತೇನೆ. ಮಹಾದೇವಿ ಸಿಂದಗಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಆಗ ನನಗಿನ್ನೂ ಲಗ್ನವಾಗಿರಲಿಲ್ಲ. ಲೋಕಲ್ ಹತ್ತಲು ಹೆದರಿ ನನ್ನ ದುಪಟ್ಟಾದ ಚುಂಗು ಹಿಡಿದುಕೊಂಡು ನಿಲ್ಲುತ್ತಿದ್ದಳು. ಅವಳ ಮೈದುನನನ್ನೇ ನಾನು ಕಟ್ಟಿಕೊಂಡೆ, ಅದು ಬೇರೆ ಮಾತು.

ಆ ಚಹಾ ಕಂಪನಿಯ ಕೆಲಸ ಮೊದಲು ಕೇಳಿಕೊಂಡು ಬಂದದ್ದು ನನ್ನನ್ನು. ದೀಪಾವಳಿಗೆ ಮುಲುಂಡ್‌ನ ದೊಡ್ಡ ಅಂಗಡಿಯಲ್ಲಿ ನಿಂತು ಗಿರಾಕಿಗಳಿಗೆ ಚಹಾ ಕುಡಿಸಿ ಪುಡಿ ಮಾರಲು ಒಬ್ಬ ಹೆಂಗಸು ಬೇಕಾಗಿತ್ತು. ನನಗಾಗ ಎರಡನೆಯದು ಹೊಟ್ಟೆಯಲ್ಲಿ, ನಿಂತರೆ ಕಾಲು ಬಾತುಕೊಳ್ಳುತ್ತಿತ್ತು. ‘ನಮ್ಮಕ್ಕನ್ನ ಕರಕೊಂಡು ಹೋಗ್ರಿ’ ಅಂದೆ. ಹಬ್ಬದ ಕೆಲಸ, ಹಬ್ಬ ಮುಗಿದರೆ ಮುಗಿಯಿತು ಅಂದುಕೊಂಡಿದ್ದೆ. ಹಬ್ಬ ಮುಗಿಯಿತು, ಕೆಲಸ ಮುಗಿಯಲಿಲ್ಲ, ವರ್ಷಗಟ್ಟಲೆ ನಡೆಯಿತು. ನಾನು ಮನೆಯಲ್ಲಿ ಚಾಪೆ ಹಾಸಿಕೊಂಡು ಕಂಡವರ ಸೀರೆಗೆ ಫಾಲ್ ಹಚ್ಚುತ್ತ ಕೂತೆ. ಅವಳು ಇಸ್ತ್ರಿ ಮಾಡಿದ ಹಳದಿ ಸೀರೆ ಉಟ್ಟು, ಎದೆಗೆ ಹೆಸರಿನ ಬಿಲ್ಲೆ ಸಿಕ್ಕಿಸಿಕೊಂಡು ಎಸಿಯಲ್ಲಿ ನಿಲ್ಲಲು ಹೋದಳು. ಉರಿಯದೆ ಇರುತ್ತದೆಯೇ?

ಅವಳು ಮಾರುತ್ತಿದ್ದದ್ದು ಬಸಂತ ಚಹಾ, ಮುಂಬೈಯ ಒಂದು ಹಳೆಯ ಮನೆತನದ ಕಂಪನಿಯದು. ಸಣ್ಣ ಮೇಜು, ಕರೆಂಟಿನ ಕೆಟಲ್, ಹೆಬ್ಬೆರಳು ಗಾತ್ರದ ಕಾಗದದ ಲೋಟಗಳು. ಕಂಪನಿ ಹೇಳಿಕೊಟ್ಟದ್ದು ಹಾಲು, ಸಕ್ಕರೆ, ಪುಡಿ ಅಷ್ಟೇ. ಇವಳೋ ಬೆಳಿಗ್ಗೆ ಮನೆಯಲ್ಲೇ ಹಸಿಶುಂಠಿ ಜಜ್ಜಿ, ಮಜ್ಜಿಗೆ ಹುಲ್ಲು ಕತ್ತರಿಸಿ ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಆ ಜಜ್ಜುವ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಬಂದವರಿಗೆಲ್ಲ ಲೋಟ ಕೊಟ್ಟು ‘ಖಾನಾ ಹುವಾ ಕ್ಯಾ, ಬೆಹೆನ್‌ಜೀ?’ ಅಂತ ಊಟ ವಿಚಾರಿಸುತ್ತಿದ್ದಳು. ಮುಲುಂಡ್‌ನ ಗುಜರಾತಿ ಬಾಯಿಯರಿಗೆ ಯಾರು ಕೇಳಬೇಕು ಊಟ ಆಯಿತೇ ಅಂತ? ನಿಂತು ಕುಡಿದರು, ಇನ್ನೊಂದು ಲೋಟ ಕೇಳಿದರು, ಒಂದು ಪುಡಿಕೆ ಬುಟ್ಟಿಗೆ ಹಾಕಿಕೊಂಡರು. ಮನೆಗೆ ಹೋಗಿ ಮಾಡಿದರೆ ಆ ರುಚಿ ಇಲ್ಲ. ಆದರೂ ಬಂದರು.

ಅವಳ ಎದುರು ಮೇಜಿನಲ್ಲಿ ನಿಲ್ಲುತ್ತಿದ್ದವಳು ಶುಭಾಂಗಿ. ಅವಳದು ಹಿಲ್‌ಕ್ರೌನ್ ಚಹಾ, ಹಸಿರು ಸೀರೆ. ಎರಡು ಕಂಪನಿಗಳು ದೇಶದ ತುಂಬ ಕಚ್ಚಾಡುತ್ತಿದ್ದವಂತೆ. ನಮಗೆ ಗೊತ್ತಿದ್ದದ್ದು ಆ ಎರಡು ಮೇಜುಗಳ ನಡುವಿನ ಜಗಳ ಮಾತ್ರ. ಸಂಜೆ ಮಹಾದೇವಿ ಬಂದು ಚಪ್ಪಲಿ ಬಿಟ್ಟಕೂಡಲೇ ಗೋಡೆಯಾಚೆ ಶುಭಾಂಗಿ ಪುರಾಣ ಶುರು.

“ಆಕಿ ಟೇಬಲ್ ಬಾಗಲ ಕಡೆ ಮಾರಿ ಮಾಡಿ ಇಟ್ಟಾರ, ನಂದು ಗ್ವಾಡಿ ಕಡೆ. ಆಕಿಗೆ ಬೂಟು ಕೊಟ್ಟಾರ, ನನಗ ಸೀರಿ ಒಂದ. ಮ್ಯಾನೇಜರ್ ಆಕಿಗೆ ‘ಶುಭಾಂಗೀಜಿ’ ಅಂತಾನ, ನನಗ ‘ಏ ಬಸಂತ’ ಅಂತಾನ! ನನಗೇನ್ ಹೆಸರಿಲ್ಲೇನ?”

“ಹೆಸರು ಎದಿಮ್ಯಾಲ ಬರಕೊಂಡೀಯಲ್ಲ, ಓದಾಕ ಬರೋದಿಲ್ಲೇನ ಅವಂಗ?” ಅಂತ ನಾನು ಈ ಕಡೆಯಿಂದ ಕೂಗುತ್ತಿದ್ದೆ. ಒಳಗೊಳಗೆ ನನಗೆ ಖುಷಿಯಾಗುತ್ತಿತ್ತು. ನಾನು ಒಬ್ಬಳೇ ಏಕೆ ಉರಿಯಬೇಕು, ಅವಳೂ ಉರಿಯಲಿ.

ಶುಭಾಂಗಿ ಮುಲುಂಡ್‌ನವಳೇ, ಲಿಫ್ಟ್ ಇರುವ ಬಿಲ್ಡಿಂಗಿನವಳು. ಗಂಡನ ಕೆಲಸ ಹೋದಮೇಲೆ ಈ ಮೇಜಿಗೆ ಬಂದು ನಿಂತವಳು, ಆದರೆ ನಿಂತ ಠೀವಿ ನೋಡಿದರೆ ಅಂಗಡಿಯೇ ಅವಳದು ಅನ್ನಬೇಕು. ನಡುನಡುವೆ ಇಂಗ್ಲಿಷ್ ಮಾತು ಉದುರಿಸುತ್ತಿದ್ದಳು. ಮಹಾದೇವಿಯ ಶುಂಠಿಯ ವಿಷಯ ಮ್ಯಾನೇಜರನ ಕಿವಿಗೆ ಹಾಕಿದ್ದೂ ಅವಳೇ. ಇದು ಗಿರಾಕಿಗೆ ಮೋಸ, ಪುಡಿಯ ರುಚಿ ಅಲ್ಲ ಅಂತ. ಶುಂಠಿ ಬಂದ್ ಆಯಿತು. ಅವತ್ತು ಮಹಾದೇವಿ ಬಂದು ಡಬ್ಬಿಯನ್ನು ಗೋಡೆಗೆ ಬೀಸಿ ಒಗೆದಳು. ಈ ಕಡೆ ನನ್ನ ಕ್ಯಾಲೆಂಡರ್ ಬಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಕಂಪನಿಯ ಕಡೆಯಿಂದ ರೋಶನ್ ಅನ್ನುವ ಹುಡುಗ ಬಂದ. ಆ ಭಾಗದ ಅಂಗಡಿಗಳ ಮಾರಾಟ ನೋಡಿಕೊಳ್ಳುವವನು, ಟೈ ಕಟ್ಟಿದವನು. ಇಬ್ಬರನ್ನೂ ಒಟ್ಟಿಗೆ ಗೋದಾಮಿಗೆ ಕರೆದು ಕೂರಿಸಿ ಹೇಳಿದ್ದು ಇಷ್ಟು: ಹೊರದೇಶದ ಒಂದು ದೊಡ್ಡ ಕಂಪನಿ ಬಸಂತವನ್ನೂ ಕೊಂಡಿದೆ, ಹಿಲ್‌ಕ್ರೌನನ್ನೂ ಕೊಂಡಿದೆ. ಇನ್ನು ಎರಡೂ ಒಂದೇ. ಆ ದೇಶಕ್ಕೂ ನಮ್ಮ ದೇಶಕ್ಕೂ ವ್ಯಾಪಾರದ ಒಪ್ಪಂದ ಆಗಿದೆ, ಸುಂಕ ಇಳಿಯುತ್ತದೆ, ಅವರ ಮಾಲು ಇಲ್ಲಿಗೆ ಬರುತ್ತದೆ, ನಮ್ಮ ಚಹಾ ಅಲ್ಲಿಗೆ ಹೋಗುತ್ತದೆ. ಬಹಳ ಒಳ್ಳೆಯ ಸುದ್ದಿ. ಎಲ್ಲರಿಗೂ ಒಂದೇ ಬಣ್ಣದ ಸೀರೆ ಬರುತ್ತದೆ. ಆದರೆ ಒಂದೇ ಕಂಪನಿಗೆ ಎದುರಾಬದುರು ಎರಡು ಮೇಜು ಯಾಕೆ? ಒಂದು ಸಾಕು. ಬರುವ ದೀಪಾವಳಿಯ ಮಾರಾಟ ನೋಡಿ ತೀರ್ಮಾನ ಮಾಡುತ್ತಾರೆ.

“ಆ ದೇಶದಾಗ ಕುಂತವ್ರಿಗೆ ಮುಲುಂಡ್‌ದ ಅಂಗಡ್ಯಾಗ ಒಬ್ಬಾಕಿ ಸಾಕು ಅನ್ನೂದು ಹ್ಯಾಂಗ ಗೊತ್ತಾತಬೇ?” ಅಂತ ಮಹಾದೇವಿ ನನ್ನನ್ನು ಕೇಳಿದಳು. ನಾನೇ ಕೊಂಡವಳ ಹಾಗೆ.

ಅವಳ ಗಂಡ ಚಂದ್ರಾಮ ಸೆಂಟ್ರಿಂಗ್ ಕೆಲಸದವನು, ಮುಲುಂಡ್‌ನ ಎತ್ತರೆತ್ತರದ ಟವರುಗಳಿಗೆ ಹಲಗೆ ಹೊಡೆಯುವವನು. ಮಾತು ಕಡಿಮೆ. ರೊಟ್ಟಿ ಮುರಿಯುತ್ತ ಯೋಚನೆ ಮಾಡಿ ಕೇಳಿದ. “ಎರಡು ಕಂಪನಿ ಕೂಡಿದ್ರ ಕೆಲಸ ಎರಡರಷ್ಟು ಆಗಬೇಕಿತ್ತಲ್ಲ? ಕಡಿಮಿ ಹ್ಯಾಂಗಾತು?” ಆಮೇಲೆ ಅವನೇ “ಹೋದ್ರ ಹೋಗ್ಲಿ ಬಿಡು, ನಾ ದುಡೀತೀನಿ” ಅಂದ.

“ಹೋದ್ರ ಹೋಗ್ಲಿ ಅನ್ನಾಕ ನಿನ್ನ ಬಾಯಾಗ ನಾಲಿಗಿ ಹ್ಯಾಂಗ ಹೊಳ್ತು?” ಅಂತ ಮಹಾದೇವಿ ಎದ್ದು ನಿಂತಳು. “ಆ ಟೇಬಲ್ ಮುಂದ ನಿಂತ್ರ ನಾ ಒಬ್ಬಾಕಿ ಮನಷಾ ಅಂತ ಅನ್ನಿಸ್ತದ ನನಗ. ಇಲ್ಲಿ ಏನದ? ಗ್ವಾಡಿ ನೋಡಕೋತ ಕುಂಡ್ರಲೇನ? ಹೋತಂದ್ರೂ ಹೋಗ್ಲಿ, ಆದ್ರ ಆಕಿಗೆ ಸಿಗಬಾರ್ದು. ಆಕಿಗೆ ಮಾತ್ರ ಸಿಗಬಾರ್ದು!”

ಅವಳಿಗೆ ಮಕ್ಕಳಿಲ್ಲ. ಈ ಮಾತನ್ನು ನಾನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದಿನದು ಅದರಿಂದಲೇ ಹುಟ್ಟಿದ್ದು. ನಮ್ಮ ಕಡೆ ಯಾರ ಮನೆಯಲ್ಲಿ ಕಾರ್ಯವಾದರೂ ಮುಯ್ಯಿ ಮಾಡುತ್ತೇವೆ. ಬಸುರಿಗೆ ಮಾಡುವ ಕುಬಸ, ಮಗುವಿನ ಮೊದಲ ಕೂದಲು ತೆಗೆಸುವ ಜಾವಳ, ಲಗ್ನ, ಏನೇ ಇರಲಿ, ನೀನು ನನ್ನ ಮನೆಗೆ ಸೀರೆಯೋ ಪಾತ್ರೆಯೋ ತಂದರೆ, ನಿನ್ನ ಮನೆಯ ಕಾರ್ಯಕ್ಕೆ ನಾನು ಅಷ್ಟೇ ತರಬೇಕು, ಮೇಲೆ ಒಂದಿಷ್ಟು ಹೆಚ್ಚೇ ತರಬೇಕು. ಚಾಳಿನಲ್ಲಿ ನಮ್ಮ ಕಡೆಯ ಮನೆಗಳು ಬಹಳ. ಮಹಾದೇವಿ ಒಂದು ಕಾರ್ಯವನ್ನೂ ಬಿಟ್ಟವಳಲ್ಲ. ಯಾರದೋ ಕುಬಸಕ್ಕೆ ಹಸಿರು ಸೀರೆ, ಯಾರದೋ ಜಾವಳಕ್ಕೆ ಬೆಳ್ಳಿ ಉಡದಾರ. ನನ್ನ ಎರಡೂ ಮಕ್ಕಳಿಗೆ ತೊಟ್ಟಿಲು ಕಟ್ಟಿದವಳು ಅವಳೇ. ಕೊಟ್ಟದ್ದು ಕೊಟ್ಟಂತೆಯೇ ಉಳಿಯಿತು. ತಿರುಗಿ ತರೋಣ ಅಂದರೆ ಅವಳ ಮನೆಯಲ್ಲಿ ಕಾರ್ಯವೇ ಆಗಲಿಲ್ಲವಲ್ಲ.

ಮುಯ್ಯಿಯನ್ನು ಬಾಯಿಬಿಟ್ಟು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳಿದವರು ಸಣ್ಣವರಾಗುತ್ತಾರೆ. ಮಹಾದೇವಿ ಕೇಳಿದಳು. ಅದೂ ಹೇಗೆ ಅಂತೀರಿ! ರವಿವಾರ ತಲೆಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ಕುಂಕುಮದ ಬಟ್ಟಲು ಹಿಡಿದು ಲಗ್ನಕ್ಕೆ ಕರೆಯುವವಳ ಹಾಗೆ ಬಾಗಿಲಿಂದ ಬಾಗಿಲಿಗೆ ಹೊರಟಳು. ನನ್ನನ್ನೂ ಜೊತೆಗೆ ಎಳೆದಳು. ಮೊದಲ ಬಾಗಿಲು ಗಂಗುಬಾಯಿಯದು. ಚಾಳಿಗೆಲ್ಲ ಹಿರಿಯಳು, ಮೂಗಿನಲ್ಲಿ ದೊಡ್ಡ ನತ್ತು, ಬಾಯಿ ಅದಕ್ಕಿಂತ ದೊಡ್ಡದು.

“ನಮ್ಮ ಮನ್ಯಾಗ ಕಾರ್ಯ ಅದರಿ” ಅಂದಳು ಮಹಾದೇವಿ, ಕುಂಕುಮ ಹಚ್ಚುತ್ತ.

ಗಂಗುಬಾಯಿಯ ಕಣ್ಣು ಅವಳ ಹೊಟ್ಟೆಯ ಕಡೆ ಹೋಯಿತು. “ಏ ತಂಗಿ! ಎಷ್ಟ ತಿಂಗಳದು?”

“ಅದಲ್ಲರಿ. ಚಾಪುಡಿದು.”

ಪೂರ್ತಿ ವಿವರಿಸಿ ಹೇಳಿದಳು. ದೀಪಾವಳಿ ಮುಗಿಯುವ ತನಕ ಎಲ್ಲರೂ ಮುಲುಂಡ್‌ಗೆ ಬಂದು ಆ ಅಂಗಡಿಯಲ್ಲೇ ಬಸಂತ ಚಹಾ ಕೊಳ್ಳಬೇಕು. ಇದನ್ನೇ ಮುಯ್ಯಿ ಅಂತ ತಿಳಿಯಬೇಕು, ಬೇರೆ ಏನೂ ತರುವುದು ಬೇಡ, ಇನ್ನು ಮುಂದೆಯೂ ಬೇಡ. “ಇದೊಂದು ಮಾಡ್ರಿ, ನಿಮ್ಮದೂ ನಂದೂ ಮುಗೀತು” ಅಂದಳು. ನನಗೆ ಆ ಮಾತು ಹಿಡಿಸಲಿಲ್ಲ. ಅಷ್ಟು ವರ್ಷ ಸೀರೆ ಹೊತ್ತು ಅಡ್ಡಾಡಿದ್ದೆಲ್ಲ ಒಂದು ಪೊಟ್ಟಣ ಚಹಾಪುಡಿಗೆ ಮುಗಿಯಿತು ಅಂದರೆ ಏನರ್ಥ? ಗಂಗುಬಾಯಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬರ್ತೀವಬೇ, ಯಾಕ ಬರೂದಿಲ್ಲ? ಇಷ್ಟ ದಿನ ತಿಂದು ಕುಂತೀವಿ ನಿಂದು” ಅಂದಳು.

ಬಂದರು ನೋಡಿ! ಭಾಂಡುಪ್ ಸ್ಟೇಷನ್ನಿನಲ್ಲಿ ಲೇಡೀಸ್ ಡಬ್ಬಿಯ ಮುಂದೆ ನಮ್ಮವರದೇ ದಂಡು. ಎಲ್ಲರೂ ಲಗ್ನದ ಸೀರೆ ತೆಗೆದು ಉಟ್ಟಿದ್ದರು. ನಾಹುರ್ ದಾಟುವಷ್ಟರಲ್ಲಿ ಗಂಗುಬಾಯಿ ಡಬ್ಬಿಯಲ್ಲಿದ್ದ ಮರಾಠಿ ಹೆಂಗಸರಿಗೂ ವಿಷಯ ಹೇಳಿ ಮುಗಿಸಿದ್ದಳು. ಮಹಾದೇವಿ ಮೊದಲೇ ಕಟ್ಟಪ್ಪಣೆ ಮಾಡಿದ್ದಳು: ಯಾರೂ ನನ್ನ ಗುರುತಿನವರು ಅಂತ ತೋರಿಸಬೇಡಿರಿ, ಸುಮ್ಮನೆ ಗಿರಾಕಿಗಳ ಹಾಗೆ ಬಂದು ಚಹಾ ಕುಡಿದು ಪುಡಿ ತೆಗೆದುಕೊಂಡು ಹೋಗಿರಿ. ಅಂಗಡಿಯೊಳಗೆ ಕಾಲಿಟ್ಟ ಗಂಗುಬಾಯಿ ದೂರದಿಂದಲೇ ಕೈ ಎತ್ತಿ “ಏ ಮಹಾದೇವಿ! ಎಷ್ಟ ಚಂದ ಕಾಣಾಕತ್ತೀಯವ್ವಾ!” ಅಂತ ಕೂಗಿದಳು. ಇಡೀ ಅಂಗಡಿ ತಿರುಗಿ ನೋಡಿತು. ಶುಭಾಂಗಿಯೂ ನೋಡಿದಳು.

ಆ ಮೇಲೆ ದಿನವೂ ಒಂದೊಂದು ಗುಂಪು. ಹೋದವರು ಒಂದೊಂದು ಪೊಟ್ಟಣಕ್ಕೆ ನಿಲ್ಲಲಿಲ್ಲ. ಪರಪ್ಪನ ಹೆಂಡತಿ ದೊಡ್ಡ ಪೊಟ್ಟಣ ತಂದಳು ಅಂತ ಗಂಗುಬಾಯಿ ಅಂಥವೇ ಎರಡು ತಂದಳು. ಗಂಗುಬಾಯಿಗಿಂತ ಕಡಿಮೆ ತಂದರೆ ನನ್ನ ಮಾನ ಉಳಿಯುತ್ತದೆಯೇ? ನಾನು ಅವಳ ಸ್ವಂತ ನೆಗೆಣ್ಣಿ. ಚೀಲದ ತುಂಬ ತುಂಬಿಕೊಂಡು ಬಂದೆ. ಯಲ್ಲಾಲಿಂಗ ಚೀಲ ನೋಡಿ “ಹೋಟೆಲ್ ಇಡಾಕಿ ಇದ್ದೀಯೇನ?” ಅಂದ. ಚಾಳಿನಲ್ಲಿ ಅಕ್ಕಿಯ ಡಬ್ಬಿ, ಹಿಟ್ಟಿನ ಡಬ್ಬಿ ಎಲ್ಲದರಲ್ಲೂ ಚಹಾಪುಡಿ. ಶುಂಠಿ ಹಾಕದಿದ್ದರೆ ಆ ಚಹಾ ಬಾಯಿಗಿಡಲಾಗುವುದಿಲ್ಲ, ಅದು ಎಲ್ಲರಿಗೂ ಗೊತ್ತಾಯಿತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಹಾದೇವಿಯ ಮುಖದ ಕಳೆಯೇ ಬೇರೆಯಾಯಿತು. ಸಂಜೆ ಬಂದವಳೇ ಗೋಡೆ ತಟ್ಟಿ ಹೇಳುತ್ತಿದ್ದಳು. “ಇವತ್ತ ಆಕಿ ಕೆಟಲ್ ತಣ್ಣಗಾಗಿತ್ತು. ನನ್ನ ಕಡೆ ನೋಡಾಕತ್ತಿದ್ಲು. ಮಾರಿ ಹಿಂಗ ಆಗಿತ್ತು ನೋಡು!” ಗೋಡೆಯಾಚೆಯಿಂದ ನನಗೆ ಆ ಮುಖ ಹೇಗೆ ಕಾಣಬೇಕು? ಆದರೂ ಕಂಡ ಹಾಗೆ ಆಗುತ್ತಿತ್ತು. ನನಗೆ ಈ ಸಲ ಯಾರ ಮೇಲೆ ಹೆಚ್ಚು ಉರಿಯಿತು ಅಂತ ನನಗೇ ತಿಳಿಯಲಿಲ್ಲ. ನಾನು ಕೇಳಿದರೆ ಇಷ್ಟು ಜನ ಬರುತ್ತಿದ್ದರೇ? ನಾನು ಯಾರ ಮನೆಗೂ ಅಷ್ಟು ಕೈಬಿಚ್ಚಿ ಒಯ್ದವಳಲ್ಲ.

ಹಬ್ಬ ಮುಗಿದು ತೀರ್ಮಾನದ ದಿನ ಬಂತು. ಮಹಾದೇವಿ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಸಾಮಾನು ಕೊಳ್ಳುವವಳ ಹಾಗೆ ಬಾ, ಶುಭಾಂಗಿಯ ಮುಖ ನೀನೂ ನೋಡಬೇಕು ಅಂದಳು. ನೋಡುವ ಆಸೆ ನನಗೂ ಇತ್ತು. ಆಗಲೇ ಹೊಸ ಕಂಪನಿಯ ಸೀರೆ ಬಂದಿತ್ತು, ಹಸಿರು ಬಣ್ಣದ್ದೇ. “ಆಕಿ ಬಣ್ಣಾನ ನನಗ ಉಡಸ್ಯಾರ” ಅಂತ ಮಹಾದೇವಿ ದಾರಿಯುದ್ದಕ್ಕೂ ಸೆರಗು ಜಗ್ಗುತ್ತಲೇ ಇದ್ದಳು.

ರೋಶನ್ ಬಂದ. ಚಹಾದ ಕಪಾಟಿನ ಹತ್ತಿರವೇ ನಿಂತು ಇಬ್ಬರನ್ನೂ ಕರೆದ. ನಾನು ಪಕ್ಕದಲ್ಲೇ ಬಿಸ್ಕತ್ತಿನ ಪೊಟ್ಟಣ ತಿರುವುತ್ತ ನಿಂತೆ.

“ಮಹಾದೇವೀಜಿ, ಕಮಾಲ್ ಕರ್ ದಿಯಾ!” ಅಂದ. ಈ ಭಾಗದ ಯಾವ ಅಂಗಡಿಯಲ್ಲೂ ಬಸಂತ ಇಷ್ಟು ಹೋಗಿಲ್ಲವಂತೆ. ಮೇಲಿನವರು ಫೋನ್ ಮಾಡಿ ಏನು ಸಮಾಚಾರ ಅಂತ ಕೇಳಿದರಂತೆ. ಮಹಾದೇವಿ ಶುಭಾಂಗಿಯ ಕಡೆ ನೋಡಿದಳು. ಆ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ. ಅಷ್ಟು ವರ್ಷದ ಬೂಟು, ಬಾಗಿಲ ಕಡೆಯ ಮೇಜು, ಶುಂಠಿಯ ಡಬ್ಬಿ, ಎಲ್ಲದರ ಸೇಡು ಅದರಲ್ಲಿತ್ತು. ಶುಭಾಂಗಿ ತಲೆ ತಗ್ಗಿಸಿ ತನ್ನ ಮೇಜಿನ ಮೇಲಿನ ಲೋಟಗಳನ್ನು ಒಂದರೊಳಗೊಂದು ಸೇರಿಸತೊಡಗಿದಳು.

ಆಮೇಲೆ ರೋಶನ್ ಮುಂದುವರಿಸಿದ. ಬಸಂತ ತಾನೇ ತಾನಾಗಿ ಮಾರಾಟ ಆಗುತ್ತಿದೆ. ಅದಕ್ಕೆ ನಿಂತು ಮಾರುವ ಪ್ರಮೋಟರಿನ ಖರ್ಚು ಯಾಕೆ? ಹಿಲ್‌ಕ್ರೌನ್ ಇಲ್ಲಿ ಬಿದ್ದುಹೋಗಿದೆ, ಅದನ್ನು ಎತ್ತಬೇಕು. ಅದರ ಮೇಜು ಉಳಿಯುತ್ತದೆ. ಶುಭಾಂಗೀಜಿಗೆ ಆ ಮಾಲಿನ ವಿಷಯ ಎಲ್ಲ ಗೊತ್ತಿದೆ, ಅವರೇ ಇರುತ್ತಾರೆ. “ಆಪ್ ಕೀ ವಜಹ್ ಸೇ ಬಸಂತ ಅಬ್ ಅಪ್ನೇ ಪೈರ್ ಪರ್ ಖಡಾ ಹೈ, ಮಹಾದೇವೀಜಿ. ಥ್ಯಾಂಕ್ ಯೂ.”

ನಿಮ್ಮಿಂದಲೇ ಬಸಂತ ತನ್ನ ಕಾಲ ಮೇಲೆ ನಿಂತಿತು ಅಂತ ಆ ಹುಡುಗ ಮನಸ್ಸಿನಿಂದಲೇ ಥ್ಯಾಂಕ್ ಯೂ ಅಂದ, ಅದೇ ನನ್ನ ಮೈಯೆಲ್ಲ ಉರಿಸಿತು. ಹೆಚ್ಚು ಮಾರಿದವಳಿಗೆ ಮನೆ ದಾರಿ, ಕಡಿಮೆ ಮಾರಿದವಳಿಗೆ ಮೇಜು! ಯಾವ ಊರಿನ ನ್ಯಾಯ ಇದು? ನಾನು ಬಿಸ್ಕತ್ತು ಬಿಟ್ಟು ಅವಳ ಪಕ್ಕಕ್ಕೆ ಬಂದು ಕನ್ನಡದಲ್ಲೇ ಪಿಸುಗುಟ್ಟಿದೆ. “ಹೇಳು ಅವಂಗ. ತಾನಾಗೇ ಹೋಗಿಲ್ಲ, ನಮ್ಮ ಮಂದಿ ತಗೊಂಡಾರ ಅಂತ ಹೇಳು. ನೀ ಇಲ್ಲಂದ್ರ ಒಂದು ಪೊಟ್ಟಣಾನೂ ಹೋಗೂದಿಲ್ಲ ಅಂತ ಹೇಳು. ಹೇಳಿದ್ರ ಉಳೀತದ ನಿನ್ನ ಕೆಲಸ.”

ರೋಶನ್ “ಕೋಯೀ ಬಾತ್ ಹೈ?” ಅಂತ ಕೇಳಿದ, ಕೇಳಲು ತಯಾರಾಗಿಯೇ ನಿಂತಿದ್ದ. ನಾನೇ ಬಾಯಿ ತೆರೆದೆ. ಮಹಾದೇವಿ ನನ್ನ ಕಾಲಿನ ಮೇಲೆ ಕಾಲಿಟ್ಟು ಒತ್ತಿದಳು. ಕಣ್ಣಲ್ಲಿ ನೀರು ಬರುವ ಹಾಗೆ ಒತ್ತಿದಳು. ಅವಳ ಕಣ್ಣು ಶುಭಾಂಗಿಯ ಮೇಲಿತ್ತು. ಶುಭಾಂಗಿ ಲೋಟ ಸೇರಿಸುವುದು ನಿಲ್ಲಿಸಿ ಇವಳನ್ನೇ ನೋಡುತ್ತಿದ್ದಳು.

“ಕುಛ್ ನಹೀ, ಸರ್” ಅಂದಳು ಮಹಾದೇವಿ. “ಮಾಲ್ ಅಚ್ಛಾ ಹೈ. ಬಿಕೇಗಾ ಹೀ.”

ಮಾಲು ಒಳ್ಳೆಯದು, ಮಾರಾಟ ಆಗಿಯೇ ಆಗುತ್ತದೆ ಅಂತ ಹೇಳಿ, ಎದೆಯ ಬಿಲ್ಲೆ ತೆಗೆದು ಕಪಾಟಿನ ಮೇಲಿಟ್ಟಳು. ಕೆಟಲಿನ ವೈರು ಸುತ್ತಿ, ಮೇಜು ಒರೆಸಿ, ಶುಭಾಂಗಿಗೆ “ಬರ್ತೀನಿ” ಅಂತ ಮರಾಠಿಯಲ್ಲಿ ಹೇಳಿ ಹೊರಟಳು, ಗೆದ್ದವಳ ಹಾಗೆಯೇ ನಡೆದಳು.

ಮುಲುಂಡ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ನಾನು ಬಾಯಿಗೆ ಬಂದಂತೆ ಬೈದೆ. ಚಾಳಿನ ಬಾಗಿಲು ಬಾಗಿಲಿಗೆ ಹೋಗಿ ಕೈ ಒಡ್ಡುವಾಗ ನಾಚಿಕೆ ಬರಲಿಲ್ಲ, ಇಲ್ಲಿ ಒಂದು ಮಾತು ಆಡುವುದಕ್ಕೆ ಏನು ಬಡಿದಿತ್ತು ನಿನಗೆ ಅಂತ ಕೇಳಿದೆ.

“ಅವ್ರು ನಮ್ಮ ಮಂದಿ” ಅಂದಳು. “ಆಕಿ ಮುಂದ ಹ್ಯಾಂಗ ಹೇಳ್ಲಿ ಸಪ್ನಾ? ನನ್ನ ಚಾ ಯಾರಿಗೂ ಬ್ಯಾಡಾಗಿತ್ತು, ಮಂದಿ ಕನಿಕರಕ್ಕ ತಗೊಂಡ್ರು ಅಂತ ಆಕಿ ಎದುರಿಗೆ ನಿಂತು ಹೇಳ್ಲೇನ? ಸತ್ರೂ ಹೇಳೂದಿಲ್ಲ.”

“ಸಾಯಿ ಹಂಗಾರ” ಅಂದೆ ಸಿಟ್ಟಿನಲ್ಲಿ. ಲೋಕಲ್ ಬಂತು, ಹತ್ತಿದೆವು.

ಮರುವಾರದಿಂದ ಅವಳು ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಫಾಲ್ ಹಚ್ಚಲು ಕೂತಳು. ನಾನೇ ಹೇಳಿಕೊಟ್ಟೆ. ಬಿಲ್ಲೆ ಇಲ್ಲ, ಇಸ್ತ್ರಿ ಸೀರೆ ಇಲ್ಲ, ನನ್ನ ಹಾಗೆಯೇ ನೈಟಿ, ಮೇಲೊಂದು ಟವೆಲ್. ಎಷ್ಟು ವರ್ಷದಿಂದ ಮನಸ್ಸಿನಲ್ಲಿ ಇದನ್ನೇ ಬೇಡಿಕೊಂಡಿದ್ದೆನೋ ಏನೋ. ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಅವಳು ಹೊಲಿಗೆ ಸೊಟ್ಟ ಹಾಕುತ್ತಿದ್ದಳು, ನಾನು ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಮಾತಿಲ್ಲ, ಪುರಾಣವಿಲ್ಲ. ಗೋಡೆಯಾಚೆ ಸಂಜೆ ಸದ್ದೇ ಇಲ್ಲದೆ ನನಗೆ ಅಡುಗೆ ಮಾಡಲು ಬೇಸರ ಬರತೊಡಗಿತು. ಶುಭಾಂಗಿಗೆ ಬೈಯಲಿ ಅಂತ ನಾನೇ ಕೆಣಕಿದರೂ ಅವಳು ಬೈಯಲಿಲ್ಲ. ಚಾಳಿನವರು ಮತ್ತೆ ಮುಲುಂಡ್‌ಗೆ ಹೋಗಲಿಲ್ಲ, ಡಬ್ಬಿಗಳಲ್ಲಿ ಇದ್ದದ್ದೇ ಮುಗಿಯುತ್ತಿರಲಿಲ್ಲ. ಬಸಂತ ಮಾರಾಟವಾಗದೆ ಕಪಾಟಿನ ಕೆಳಸಾಲಿಗೆ ಇಳಿಯಿತು, ಆಮೇಲೆ ಕಪಾಟಿನಿಂದಲೇ ಹೋಯಿತು ಅಂತ ಆ ಕಡೆ ಕೆಲಸಕ್ಕೆ ಹೋದ ಚಂದ್ರಾಮ ನೋಡಿಕೊಂಡು ಬಂದು ಹೇಳಿದ. ಮಹಾದೇವಿ ಅದಕ್ಕೂ ತಲೆ ಎತ್ತಲಿಲ್ಲ.

ಒಂದು ದಿನ ನಾನು ದಾದರ್ ಮಾರ್ಕೆಟ್ಟಿನಿಂದ ಫಾಲ್ ಬಟ್ಟೆಯ ಗಂಟು ತರುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ಯಾರೋ ಸರಿದು ಜಾಗ ಕೊಟ್ಟರು. ನೋಡಿದರೆ ಶುಭಾಂಗಿ. ಹಸಿರು ಸೀರೆಯಲ್ಲಿರಲಿಲ್ಲ, ಮೊದಲು ಗುರುತೇ ಸಿಗಲಿಲ್ಲ. ಅವಳಿಗೆ ನನ್ನ ಗುರುತು ಸಿಕ್ಕಿತ್ತು. ಮುಖ ತಿರುಗಿಸೋಣ ಅಂದುಕೊಂಡೆ, ಗಂಟು ತೊಡೆಯ ಮೇಲಿತ್ತು, ಏಳಲು ಆಗಲಿಲ್ಲ.

“ಹೇಗಿದ್ದಾರೆ ಮಹಾದೇವಿ?” ಅಂತ ಮರಾಠಿಯಲ್ಲಿ ಕೇಳಿದಳು.

“ಹಾಯಾಗಿದ್ದಾಳೆ” ಅಂದೆ, ಹಲ್ಲು ಕಚ್ಚಿಕೊಂಡು.

ಗಾಡಿ ಕುರ್ಲಾಕ್ಕೆ ಬಂತು. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದಳು. ಅವಳಿಗೆ ಎಲ್ಲ ಗೊತ್ತಿತ್ತಂತೆ. ದೊಡ್ಡ ನತ್ತಿನ ಅಜ್ಜಿ ಮೊದಲ ದಿನ ಕೂಗಿದಾಗಲೇ ಗೊತ್ತಾಗಿತ್ತಂತೆ. ರೋಶನ್ ಕೇಳಿದಾಗ ಬಾಯಿಬಿಡಲಿಲ್ಲ, ಅವಳಿಗೂ ಕೆಲಸ ಬೇಕಿತ್ತು, ಗಂಡ ಮನೆಯಲ್ಲಿ ಕೂತಿದ್ದಾನೆ. “ನಾನೂ ಕೇಳಿದ್ದೆ” ಅಂದಳು. ತನ್ನ ಬಿಲ್ಡಿಂಗಿನಲ್ಲಿ, ನೆಂಟರಲ್ಲಿ, ದೀಪಾವಳಿಗೆ ಎಲ್ಲರೂ ನನ್ನ ಅಂಗಡಿಗೆ ಬನ್ನಿ ಅಂತ ಕೇಳಿದ್ದಳಂತೆ. ಒಬ್ಬರೂ ಬರಲಿಲ್ಲ. ಸ್ವಂತ ಅಕ್ಕ ‘ನಾವು ಗ್ರೀನ್ ಟೀ ಕುಡಿಯುವವರು’ ಅಂದಳಂತೆ.

“ದಿನಾ ಅವರ ಮೇಜಿನ ಮುಂದೆ ಆ ಹೆಂಗಸರೆಲ್ಲ ಜರಿ ಸೀರೆ ಉಟ್ಟು ಬಂದು ನಿಲ್ಲುತ್ತಿದ್ದರು. ಒಬ್ಬರಾದ ಮೇಲೊಬ್ಬರು, ಒಬ್ಬರಾದ ಮೇಲೊಬ್ಬರು. ಮೀ ಜಾಮ್ ಜಳಾಯಚೇ ತಿಚ್ಯಾವರ್” ಅಂದಳು. ಅವಳ ಮೇಲೆ ಸಿಕ್ಕಾಪಟ್ಟೆ ಉರಿದುಕೊಳ್ಳುತ್ತಿದ್ದೆ ಅಂತ. “ಈಗಲೂ ಉರಿಯುತ್ತದೆ. ಮೇಜು ನನ್ನದಾಯಿತು, ಆದರೂ.”

ಮುಲುಂಡ್‌ಗೆ ಹೋಗುವವಳು ಅವಳು, ಭಾಂಡುಪ್‌ನಲ್ಲಿ ನಾನು ಇಳಿದೆ. ಗಂಟನ್ನು ತಲೆಯ ಮೇಲಿಡಲು ಅವಳೇ ಕೈಕೊಟ್ಟಳು.

ಗುಡ್ಡ ಹತ್ತುತ್ತ ಯೋಚನೆ ಮಾಡಿದೆ. ಮಹಾದೇವಿಗೆ ಇದನ್ನು ಹೇಳಬಾರದು. ಯಾಕೆ ಹೇಳಬೇಕು? ನನ್ನ ಮೇಲೆ ಯಾರಾದರೂ ಉರಿದುಕೊಂಡಿದ್ದಾರೆಯೇ ಈ ಮುಂಬೈಯಲ್ಲಿ? ಅವಳಿಗೇ ಎಲ್ಲ ಯಾಕೆ ಸಿಗಬೇಕು? ಹೀಗೆಲ್ಲ ಅಂದುಕೊಂಡೇ ಬಾಗಿಲಿಗೆ ಬಂದೆ. ಅವಳು ಚಾಪೆಯ ಮೇಲೆ ಕೂತು, ಸೊಟ್ಟ ಹೊಲಿಗೆಯನ್ನು ತಾನೇ ಬಿಚ್ಚುತ್ತಿದ್ದಳು. ಬೆನ್ನು ಬಾಗಿತ್ತು. ಗಂಟು ಇಳಿಸುವ ಮೊದಲೇ ನನ್ನ ಬಾಯಿಂದ ಮಾತು ಬಂತು.

“ಶುಭಾಂಗಿ ಭೆಟ್ಟಿ ಆಗಿದ್ಲು. ನಿನ್ನ ಮ್ಯಾಲ ಭಾಳ ಉರಕೋತಿದ್ಲಂತ.”

ಸೂಜಿ ನಿಂತಿತು. “ಏನಂದಿ?”

ಎಲ್ಲ ಹೇಳಿದೆ. ಅಕ್ಕನ ಗ್ರೀನ್ ಟೀಯನ್ನೂ ಬಿಡಲಿಲ್ಲ. ಮಹಾದೇವಿ ಸೂಜಿಯನ್ನು ಟವೆಲ್ಲಿಗೆ ಚುಚ್ಚಿ ನನ್ನ ಕಡೆಗೆ ಸರಿದು ಕೂತಳು. “ಇನ್ನೊಮ್ಮಿ ಹೇಳು. ‘ಈಗೂ ಉರೀತದ’ ಅಂದ್ಲಾ? ಆಕೀನ ತನ್ನ ಬಾಯ್ಲೆ ಅಂದ್ಲಾ?”

“ಅಂದ್ಲು.”

“ನನ್ನ 'ಮಹಾದೇವಿ' ಅಂತ ಹೆಸರ ಹಿಡದು ಕರದ್ಲಾ?”

“ಹೂಂ, ಹೆಸರ ಹಿಡದ ಕೇಳಿದ್ಲು.”

ಮತ್ತೆ ಮೊದಲಿಂದ ಹೇಳಿದೆ. ಅವಳ ಮುಖದ ಗಂಟು ಒಂದೊಂದಾಗಿ ಸಡಿಲಾಗುವುದು ಕಾಣುತ್ತಿತ್ತು. ಆ ಅಂಗಡಿಯಿಂದ ಬಂದ ಮೇಲೆ ಅವಳು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

“ಮಾರಿ ಹ್ಯಾಂಗಿತ್ತು ಹೇಳುವಾಗ?” ಅಂದಳು. “ಬರಾಬರಿ ಹೇಳು, ಬಿಡಬ್ಯಾಡ ಏನೂ.”

ಶುಭಾಂಗಿಯ ಮುಖ ಕಿಟಕಿಯ ಕಡೆಗಿತ್ತು, ನಾನು ನೋಡಿರಲಿಲ್ಲ. ಗಂಟಿನ ಮೇಲೆ ಕೂತು, ಸೆರಗಿನಿಂದ ಬೆವರು ಒರೆಸಿಕೊಂಡು, ಮೂರನೆಯ ಸಲ ಶುರುಮಾಡಿದೆ. ಈ ಸಲ ಕುರ್ಲಾ ದಾಟುವಾಗ ಶುಭಾಂಗಿಯ ಕಣ್ಣಲ್ಲಿ ನೀರು ತುಂಬಿ ಬಂತು ಅಂತ ಸೇರಿಸಿ ಹೇಳಿದೆ.